ಸೈ ಕೈ ಸೇರಬೇಕಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಮಗಳಿಗೆ ಕಾಲೇಜಿಂದ ಈಮೇಲ್ ಬಂದಿದೆ. ಚೆನ್ನಾಗಿ ಓದಿದ್ದೀಯ, ನಮ್ಮ ಸೊಸೈಟಿಗೆ ಸೇರು ಅಂತ. ಕೆಳಗೆ ನೋಡಿದ್ರೆ ಫೀಸು ಕಟ್ಟಬೇಕಂತೆ. ಮರ್ಯಾದೆ ಮಾಡೋಕೂ ದುಡ್ಡು ಕೇಳ್ತಾರಾ? ಇದು ಮೋಸ ಅಲ್ವಾ?"

ದಾವಣಗೆರೆಯ ಒಬ್ಬ ತಾಯಿ ಹೋದ ವಾರ ಕೇಳಿದ ಮಾತಿದು. ಮಗಳು ಅಮೆರಿಕದಲ್ಲಿ ಸೈಕಾಲಜಿ ಓದುತ್ತಿದ್ದಾಳೆ. ನಾನೂ ಅಲ್ಲೇ ಅದನ್ನೇ ಓದಿದವಳು ಅಂತ ಗೊತ್ತಾದ ಮೇಲೆ, ಪ್ರತಿ ಸೆಮಿಸ್ಟರ್ ಯಾರಾದರೂ ಇದನ್ನು ಕೇಳುತ್ತಲೇ ಇರುತ್ತಾರೆ. ಅವರ ಅನುಮಾನ ಸರಿಯಾದದ್ದೇ. ದುಡ್ಡು ತಗೊಂಡು ಸುಮ್ನೆ ಸರ್ಟಿಫಿಕೇಟ್ ಕಳಿಸುವ ಸೊಸೈಟಿಗಳು ಅಲ್ಲಿ ಇವೆ. ಆ ಈಮೇಲ್ ಬಂದಿದ್ದು ಸೈ ಕೈ (Psi Chi) ಕಡೆಯಿಂದ, ಅಂದರೆ ಸೈಕಾಲಜಿ ಚೆನ್ನಾಗಿ ಓದುವವರನ್ನು ಗುರುತಿಸಿ ಸೇರಿಸಿಕೊಳ್ಳುವ ಸೊಸೈಟಿಯಿಂದ. ಅದು ಆ ಜಾತಿಯದ್ದಲ್ಲ.

ಸೈ, ಕೈ ಎರಡೂ ಗ್ರೀಕ್ ಅಕ್ಷರಗಳು. ಗ್ರೀಕ್ ಅಕ್ಷರದ ಹೆಸರು ಕಂಡರೆ ಕೆಲವರು ಹೆದರುತ್ತಾರೆ. ಹುಡುಗರು ಒಂದೇ ಮನೆಯಲ್ಲಿದ್ದು, ಹೊಸಬರಿಗೆ ಕಾಟ ಕೊಡುವ ಕೂಟಗಳಿಗೂ ಅಂಥದ್ದೇ ಹೆಸರಿರುತ್ತದಲ್ಲ, ಅದಕ್ಕೆ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಇಲ್ಲಿ ಮನೆಯಿಲ್ಲ, ಕಾಟವಿಲ್ಲ. ಅಂಕ ನೋಡಿ ಸೇರಿಸಿಕೊಳ್ಳುತ್ತಾರೆ. ಹೆಸರಿನ ಮೊದಲ ಅಕ್ಷರ ಮನಸ್ಸು ಎನ್ನುವ ಗ್ರೀಕ್ ಪದದ್ದು. ಎರಡನೆಯದು ಕೈಗಳು ಎನ್ನುವ ಪದದ್ದು. ನಮ್ಮ ಕೈ ಅಲ್ಲಿಯೂ ಕೈಯೇ! ಇದು ತಿಳಿದ ದಿನ ಊರಿಗೆ ಫೋನ್ ಮಾಡಿ ಅಜ್ಜಿಗೆ ಹೇಳಿದ್ದೆ. "ಮನಸ್ಸು, ಕೈ ಎರಡೂ ಸೇರಿದ್ರೆ ಸೈ ಬಿಡು" ಅಂದಿದ್ದರು.

ಇದು ಶುರುವಾಗಿದ್ದು 1929ರ ಸೆಪ್ಟೆಂಬರ್ 4ರಂದು, ಯೇಲ್ ವಿಶ್ವವಿದ್ಯಾಲಯದಲ್ಲಿ. ಆಗ ಅಲ್ಲಿ ಅಂತರರಾಷ್ಟ್ರೀಯ ಮನೋವಿಜ್ಞಾನ ಸಮ್ಮೇಳನ ನಡೆಯುತ್ತಿತ್ತು. ನಾಯಿಗಳ ಮೇಲಿನ ಪ್ರಯೋಗಕ್ಕೆ ಹೆಸರಾದ ರಷ್ಯಾದ ವಿಜ್ಞಾನಿ ಪಾವ್ಲೋವ್ ಕೂಡ ಬಂದಿದ್ದರು. ಅಂಥ ದೊಡ್ಡವರ ನಡುವೆ ವಿದ್ಯಾರ್ಥಿಗಳಿಗೂ ಒಂದು ಸಂಘ ಬೇಕು ಅಂತ ಓಡಾಡಿ ಕಟ್ಟಿದವರು ಫ್ರೆಡ್ರಿಕ್ ಲೂಯಿಸ್ ಮತ್ತು ಎಡ್ವಿನ್ ನ್ಯೂಮನ್. ಈಗ ಒಂದು ಸಾವಿರಕ್ಕೂ ಜಾಸ್ತಿ ಕಾಲೇಜುಗಳಲ್ಲಿ ಇದರ ಚಾಪ್ಟರ್, ಅಂದರೆ ಶಾಖೆ, ಇದೆ. 2009ರಿಂದ ಅಮೆರಿಕದ ಆಚೆಗೂ ಹಬ್ಬಿದೆ. (ಸೈಕಾಲಜಿ ಅಂದ್ರೆ ಅಲ್ಲಿನ ಹೊಸ ಫ್ಯಾಷನ್ ಅಂದುಕೊಂಡವರಿಗೆ ಒಂದು ಮಾತು: ಮೈಸೂರು ವಿಶ್ವವಿದ್ಯಾಲಯದಲ್ಲಿ ಸೈಕಾಲಜಿ ವಿಭಾಗ ತೆರೆದಿದ್ದು 1924ರಲ್ಲಿ, ಈ ಸೊಸೈಟಿಗಿಂತ ಐದು ವರ್ಷ ಮೊದಲು.)

ಪದವಿ ಓದುವವರು ಸೇರಬೇಕಾದರೆ ಮೂರು ಸೆಮಿಸ್ಟರ್ ಮುಗಿದಿರಬೇಕು, ಸೈಕಾಲಜಿಯಲ್ಲಿ ಒಂಬತ್ತು ಕ್ರೆಡಿಟ್ ಆಗಿರಬೇಕು. ಜಿಪಿಎ (ಎಲ್ಲ ಕೋರ್ಸುಗಳ ಅಂಕದ ಸರಾಸರಿ) ನಾಲ್ಕಕ್ಕೆ ಮೂರಾದರೂ ಇರಬೇಕು, ತನ್ನ ಬ್ಯಾಚಿನ ಮೊದಲ 35 ಪರ್ಸೆಂಟ್ ಒಳಗೂ ಇರಬೇಕು. ಕೆಲವು ಕಾಲೇಜುಗಳು ಇನ್ನೂ ಜಾಸ್ತಿ ಕೇಳುತ್ತವೆ. ಫೀಸು ಒಂದೇ ಸಲ, ಸದಸ್ಯತ್ವ ಜೀವನಪೂರ್ತಿ. ಚಾಪ್ಟರ್‌ನವರು ಅದರ ಮೇಲೆ ಸ್ವಲ್ಪ ತಗೊಳ್ಳಬಹುದು. ಈಮೇಲ್ ಅಸಲಿಯೋ ಅಲ್ಲವೋ ಅಂತ ತಿಳಿಯಲು ನೇರವಾಗಿ ವಿಭಾಗಕ್ಕೆ ಹೋಗಿ ಕೇಳಿ. ಪ್ರತಿ ಚಾಪ್ಟರ್‌ಗೂ ಅಲ್ಲಿನ ಒಬ್ಬ ಪ್ರೊಫೆಸರ್ ಸಲಹೆಗಾರರಾಗಿ ಇರುತ್ತಾರೆ. ಅವರ ಮುಂದೆ ನಿಂತು ಕೇಳಿದರೆ ಎರಡು ನಿಮಿಷದ ಕೆಲಸ.

ಈಗ ಮುಖ್ಯ ಪ್ರಶ್ನೆ. ಸೇರಿದರೆ ಏನು ಬರುತ್ತದೆ?

ಪಿಎಚ್‌ಡಿ ಸೀಟು ಬರುವುದಿಲ್ಲ. ಇದನ್ನು ನಾನು ಯಾರಿಗೂ ಮುಚ್ಚಿಟ್ಟು ಹೇಳಿಲ್ಲ. ಅರ್ಜಿ ನೋಡುವ ಪ್ರೊಫೆಸರ್‌ಗೆ ಬೇಕಿರುವುದು ನೀವು ಮಾಡಿದ ಸಂಶೋಧನೆ, ನಿಮ್ಮನ್ನು ಚೆನ್ನಾಗಿ ಬಲ್ಲವರು ಬರೆದ ಶಿಫಾರಸು ಪತ್ರ. ರೆಸ್ಯೂಮೆಯಲ್ಲಿ ಸೈ ಕೈ ಅಂತ ಒಂದು ಸಾಲು ಇದ್ದರೆ ಓದಿ ಮುಂದಕ್ಕೆ ಹೋಗುತ್ತಾರೆ, ಅಷ್ಟೆ. ಅಮೆರಿಕದ ಕೇಂದ್ರ ಸರ್ಕಾರದ ನೌಕರಿಯಲ್ಲಿ ಮಾತ್ರ ಮಾನ್ಯತೆ ಪಡೆದ ಇಂಥ ಸೊಸೈಟಿಯ ಸದಸ್ಯತ್ವ, ಹೊಸದಾಗಿ ಸೇರುವವರಿಗೆ ಐದನೇ ಶ್ರೇಣಿಯ ಬದಲು ಅದಕ್ಕಿಂತ ಮೇಲಿನ ಏಳನೇ ಶ್ರೇಣಿಯಲ್ಲಿ ಶುರುಮಾಡಲು ನೆರವಾಗಬಲ್ಲದು. ಆ ನೌಕರಿ ಹೆಚ್ಚಾಗಿ ಅಲ್ಲಿನ ಪ್ರಜೆಗಳಿಗೇ, ಹಾಗಾಗಿ ಅಲ್ಲೇ ಹುಟ್ಟಿ ಬೆಳೆದ ನಮ್ಮವರ ಮಕ್ಕಳು ಇದನ್ನು ನೆನಪಿಡಲಿ.

ಆದರೂ ಸೇರಿ ಅಂತಲೇ ನಾನು ಹೇಳುವುದು. ಒಂದು ಷರತ್ತು: ಮೀಟಿಂಗಿಗೆ ಹೋಗುವುದಾದರೆ.

ನಾನು ಸೇರಿದ ಮೊದಲ ಆರು ತಿಂಗಳು ಹೋಗಲೇ ಇಲ್ಲ. ಸಮಾರಂಭದಲ್ಲಿ ಮೇಣದಬತ್ತಿ ಹಿಡಿದು ಪ್ರಮಾಣ ಮಾಡಿ, ಫೋಟೋ ಮನೆಗೆ ಕಳಿಸಿ, ರೂಮಿಗೆ ಬಂದು ಕೂತೆ. ಇಂಗ್ಲಿಷಿನಲ್ಲಿ ತಡವರಿಸುತ್ತೇನೆ ಅನ್ನುವ ಅಳುಕು. ಒಂದು ಸಂಜೆ ಮಳೆ ಜೋರಾಗಿತ್ತು, ಬಸ್ಸು ಹೋಗಿಬಿಟ್ಟಿತ್ತು. ಸೈ ಕೈ ಮೀಟಿಂಗ್ ನಡೆಯುತ್ತಿತ್ತು, ಸುಮ್ನೆ ಒಳಗೆ ಹೋಗಿ ಕೂತೆ. ಏಳೆಂಟು ಜನ ಇದ್ದರು. ನನಗಿಂತ ಒಂದು ವರ್ಷ ಮುಂದಿದ್ದ ಹುಡುಗಿಯೊಬ್ಬಳು, ಲ್ಯಾಬಿನಲ್ಲಿ ಕೆಲಸ ಕೇಳಿ ಪ್ರೊಫೆಸರ್‌ಗೆ ಹೇಗೆ ಬರೆಯಬೇಕು ಅಂತ ತನ್ನ ಈಮೇಲನ್ನೇ ತೆರೆದು ತೋರಿಸುತ್ತಿದ್ದಳು. ನಾಲ್ಕೇ ಸಾಲು. ಹಾಗೆ ಕೇಳಬಹುದು ಅಂತಲೇ ನನಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಮೇಷ್ಟ್ರು ಕರೆದರೆ ಹೋಗುತ್ತೇವೆ, ನಾವಾಗಿ ಹೋಗಿ ಕೆಲಸ ಕೊಡಿ ಅನ್ನುವುದಿಲ್ಲ, ಅಲ್ವಾ? ಆ ರಾತ್ರಿಯೇ ನಾನೂ ನಾಲ್ಕು ಸಾಲು ಬರೆದೆ. ಮುಂದಿನ ವರ್ಷ ಷಿಕಾಗೋದಲ್ಲಿ ನಡೆಯುವ ಮಿಡ್‌ವೆಸ್ಟರ್ನ್ ಸೈಕಲಾಜಿಕಲ್ ಅಸೋಸಿಯೇಷನ್ ಸಮ್ಮೇಳನದಲ್ಲಿ, ಸಂಶೋಧನೆಯನ್ನು ದೊಡ್ಡ ಹಾಳೆಯಲ್ಲಿ ಹಾಕಿ ಬಂದವರಿಗೆ ವಿವರಿಸಲು ಸೈ ಕೈ ವಿದ್ಯಾರ್ಥಿಗಳಿಗೆಂದೇ ಇರುವ ಪೋಸ್ಟರ್ ಸಾಲಿನಲ್ಲಿ ನಮ್ಮ ಲ್ಯಾಬಿನ ಕೆಲಸದ ಮುಂದೆ ನಾನು ನಿಂತಿದ್ದೆ. ತಡವರಿಸಿದೆ. ಬಂದವರು ಕಾದು ನಿಂತು ಕೇಳಿದರು.

ಸಂಶೋಧನೆಗೆ ಸಣ್ಣ ಅನುದಾನ, ಪ್ರಶಸ್ತಿ, ಲೇಖನ ಕಳಿಸಲು ಸೊಸೈಟಿಯದೇ ಪತ್ರಿಕೆ ಎಲ್ಲ ಇವೆ. ಅರ್ಜಿ ಹಾಕುವವರಿಗೆ ಮಾತ್ರ.

ಜಿಪಿಎ ಸಾಲದ ಮಕ್ಕಳೂ ಕೇಳುತ್ತಾರೆ, ಅವರ ದನಿ ಸಣ್ಣದಾಗಿರುತ್ತದೆ. ಅವರಿಗೆ ಇಷ್ಟು ಹೇಳುತ್ತೇನೆ: ಬಹಳ ಕಾಲೇಜುಗಳಲ್ಲಿ ಸೈ ಕೈ ಜೊತೆಗೇ ಸೈಕಾಲಜಿ ಕ್ಲಬ್ ಕೂಡ ಇರುತ್ತದೆ. ಅದಕ್ಕೆ ಅಂಕದ ಲೆಕ್ಕವಿಲ್ಲ. ಎಷ್ಟೋ ಸಲ ಎರಡರ ಮೀಟಿಂಗೂ ಒಟ್ಟಿಗೇ ನಡೆಯುತ್ತದೆ. ನಾನು ಹೇಳಿದ ಆ ಹುಡುಗಿ ಬಂದಿದ್ದು ಕ್ಲಬ್ಬಿನಿಂದ.