ಗಾಳಿಗೆ ಬಿಚ್ಚುವ ಬೋಲೈನ್: ತಾಡಪಾಲು ಚಪ್ಪರ, ಭಾಗ 2

ಕಂಬ ನಿಂತಿವೆ, ತಾಡಪಾಲಿನ ರಿಂಗುಗಳೂ ಗಟ್ಟಿಯಾಗಿವೆ. ಕೈಕೊಟ್ಟಿದ್ದು ಮೂಲೆಯ ಕುಣಿಕೆಗಳು. ಸಂಜೆ ಬಿಗಿದ ಬೋಲೈನ್ (ಜೀರಿಕೊಳ್ಳದ ಕುಣಿಕೆಯ ಗಂಟು) ಬೆಳಗಾಗುವಷ್ಟರಲ್ಲಿ ಬಾಯಿ ಬಿಟ್ಟುಕೊಂಡು ನೇತಾಡುತ್ತಿತ್ತು.

ಮೊದಲ ಆರೋಪಿ ಹಗ್ಗ. '8 ಎಂಎಂ ನೈಲಾನ್' ಎಂದು ಕೇಳಿದರೆ ಅಂಗಡಿಯವರು ಕಿಲೋ ಲೆಕ್ಕದಲ್ಲಿ ತೂಗಿ ಕೊಡುವುದು ಪಾಲಿಪ್ರೊಪಿಲೀನ್ (ಪಿಪಿ). ಹೊಳೆಯುವುದೆಲ್ಲ ಅವರಿಗೆ ನೈಲಾನೇ! ಒಂದು ತುಂಡನ್ನು ನೀರೊಳಗೆ ಹಿಚುಕಿ ಗಾಳಿ ಬಿಡಿಸಿ ನೋಡಿ: ತೇಲಿದರೆ ನೈಲಾನ್ ಅಲ್ಲ, ಬಹುಶಃ ಪಿಪಿ; ಮುಳುಗಿದರೆ ನೈಲಾನ್ ಇರಬಹುದು. ಪಿಪಿ ಜಾರುತ್ತದೆ, ಜೊತೆಗೆ ಸೆಟೆದು ನಿಲ್ಲುತ್ತದೆ.

ಬೋಲೈನಿನಲ್ಲಿ ಬಾಲವನ್ನು, ಅಂದರೆ ಹಗ್ಗದ ಬಿಡಿ ತುದಿಯನ್ನು, ಕಚ್ಚಿ ಹಿಡಿಯುವುದು ಒಂದೇ ಸುತ್ತು, ಅದೂ ಭಾರ ಇರುವವರೆಗೆ. ಗಾಳಿ ಎಳೆದಾಗ ಸುತ್ತು ಬಿಗಿ. ಬಿಟ್ಟ ಕೂಡಲೇ ಸೆಟೆದ ಹಗ್ಗ ನೆಟ್ಟಗಾಗಲು ನೋಡುತ್ತದೆ, ಬಾಲ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ. ರಾತ್ರಿಯಿಡೀ ತಾಡಪಾಲು ಪಟಪಟ ಬಡಿದರೆ ಕತೆ ಮುಗಿಯಿತು. ತುದಿ ಜಾರದಂತೆ ಹಾಕಿದ ಸ್ಟಾಪರ್ ಗಂಟು ಅದಕ್ಕಿಂತ ಮೊದಲೇ ಸಡಿಲವಾಯಿತು.

ನಂತರ ನೋಡಿದ್ದು ಬೋಲೈನಿನ ಬಾಲವನ್ನು ಭದ್ರಪಡಿಸುವ ಯೊಸೆಮಿಟಿ ಮುಕ್ತಾಯ. ಬಾಲವನ್ನು ಕುಣಿಕೆಯ ಪಕ್ಕದ ಕಾಲಿಗೆ (ಬದಿಯ ಹಗ್ಗಕ್ಕೆ) ಹೊರಗಿನಿಂದ ಸುತ್ತಿ, ಗಂಟಿನೊಳಗಿಂದ ಮೇಲೆತ್ತಿ, ಭಾರ ಹೊರುವ ಹಗ್ಗದ ಪಕ್ಕದಲ್ಲೇ ಹೊರಡಿಸಬೇಕು. ಇಲ್ಲೊಂದು ಗುಂಡಿಯಿದೆ: ಬೋಲೈನ್ ಕೂರುವ ಮೊದಲೇ ಬಾಲವನ್ನು ಜಗ್ಗಿದರೆ ಒಳಸುತ್ತು ತಿರುಚಿ, ಕುಣಿಕೆ ಜೀರುಗುಣಿಕೆಯಾಗಿ ಬಿಡಬಹುದು. ಮೊದಲು ಕುಣಿಕೆಯ ಎರಡೂ ಕಾಲು ಮತ್ತು ಮುಖ್ಯ ಹಗ್ಗವನ್ನು ಎದುರುಬದುರಾಗಿ ಎಳೆಯಿರಿ, ಬಾಲ ಕೊನೆಗೆ.

ಪಿಪಿಗೆ ಅಷ್ಟೂ ಸಾಲಲಿಲ್ಲ. ಈಗ ನಿಂತಿರುವುದು ಡಬಲ್ ಬೋಲೈನ್ ಮೇಲೆ ಯೊಸೆಮಿಟಿ: ಕಚ್ಚುವ ಸುತ್ತು ಒಂದರ ಬದಲು ಎರಡು, ಅಕ್ಕಪಕ್ಕ, ಒಂದರ ಮೇಲೊಂದು ಏರದಂತೆ. ಬಾಲ ಹಗ್ಗದ ದಪ್ಪದ ಹನ್ನೆರಡು ಪಟ್ಟು, ಅಂದರೆ ಸುಮಾರು 10 ಸೆಂ.ಮೀ. ಅದಕ್ಕಿಂತ ಗಿಡ್ಡ ಬಾಲ ನಂಬಿಕೆಗೆ ಅರ್ಹವಲ್ಲ. ಎಂಟಾಕಾರದ ಕುಣಿಕೆ ಇನ್ನೂ ಭದ್ರ, ಆದರೆ ಭಾರ ಬಿದ್ದ ಮೇಲೆ ಬಿಚ್ಚಲು ಉಗುರು ಕೀಳಬೇಕು. ಮಳೆಗಾಲ ಕಳೆದು ಚಪ್ಪರ ಇಳಿಸುವವರಿಗೆ ಅದು ಬೇಡ. ಮರ ಹತ್ತುವುದಕ್ಕೆ ಈ ಅಂಗಡಿ ಹಗ್ಗವೇ ಬೇಡ, ಗಂಟು ಯಾವುದಾದರೂ ಸರಿ.

ಮುಂದಿನದು ಗಂಟೇ ಇಲ್ಲದ ಕಣ್ಣು: ಮೂರೆಳೆ ಹಗ್ಗದಲ್ಲಿ ಐ ಸ್ಪ್ಲೈಸ್, ಅಂದರೆ ತುದಿಯ ಎಳೆಗಳನ್ನು ಬಿಡಿಸಿ ಹಗ್ಗದೊಳಗೇ ಹೆಣೆದು ಮಾಡುವ ಕುಣಿಕೆ. ಕತ್ತಾಳೆ ನಾರಿಗೆ ಮೂರು ಸುತ್ತು ತೂರಿಸಿದರೆ ಸಾಕು, ಪಿಪಿಗೆ ಕನಿಷ್ಠ ಐದು. ಎಳೆಗಳ ತುದಿ ಸುಟ್ಟು ಟೇಪ್ ಸುತ್ತದಿದ್ದರೆ ಕೈಯಲ್ಲೇ ಬಿಚ್ಚಿ ಹರಡಿಕೊಳ್ಳುತ್ತವೆ. ಎಳೆ ಬಿಡಿಸಲು ಫಿಡ್ ಎಂಬ ಮೊನಚು ಕಡ್ಡಿ ಕೇಳಿದರೆ ಅಂಗಡಿಯಲ್ಲಿ ಗೋಣಿಚೀಲ ಹೊಲಿಯುವ ದಬ್ಬಣ ತೋರಿಸುತ್ತಾರೆ. ಬಿದಿರಿನದೇ ಕೆತ್ತಿಕೊಳ್ಳುವುದು ವಾಸಿ.