ಬೆರಳು ಮಾತ್ರ ಇನ್ನೂ ಹಳೇ ಕ್ಯಾಮೆರಾದಲ್ಲೇ

ಕ್ಯಾನನ್ ಬಿಟ್ಟು ನಿಕಾನ್ ಹಿಡಿದ ಮೊದಲ ದಿನ ಕಾಟ ಕೊಡುವುದು ಹೆಸರುಗಳಲ್ಲ. ಅಪರ್ಚರ್ ನಾವೇ ಇಡುವ ಮೋಡ್‌ಗೆ ಎವಿ ಹೋಗಿ ಎ, ಶಟರ್ ವೇಗ ಇಡುವ ಮೋಡ್‌ಗೆ ಟಿವಿ ಹೋಗಿ ಎಸ್, ಓಡುವುದನ್ನು ಹಿಂಬಾಲಿಸುವ ಫೋಕಸ್‌ಗೆ ಎಐ ಸರ್ವೋ ಹೋಗಿ ಎಎಫ್-ಸಿ. ಅರ್ಧ ಗಂಟೆಯಲ್ಲಿ ಬಾಯಿಪಾಠ. (ಮೋಡ್ ಡಯಲ್ ಮೇಲಿನ ಎ ಕಂಡು ಆಟೋ ಅಂದುಕೊಳ್ಳಬೇಡಿ, ಅದು ಅಪರ್ಚರ್ ಪ್ರಯಾರಿಟಿ. ಅಪರ್ಚರ್ ಅಂದರೆ ಲೆನ್ಸ್‌ನಲ್ಲಿ ಬೆಳಕು ಬಿಡುವ ಕಿಂಡಿ.) ಕೈಕೊಡುವುದು ಬೆರಳು. ಕಣ್ಣು ವ್ಯೂಫೈಂಡರ್‌ನಲ್ಲಿ ನೆಟ್ಟಿರುವಾಗ ಅದು ಯಾರನ್ನೂ ಕೇಳದೆ ಹಳೇ ಜಾಗಕ್ಕೇ ಹೋಗುತ್ತದೆ.

ಲೆನ್ಸ್ ಹಾಕುವಾಗಲೇ ಇದು ಶುರು. ಮೌಂಟ್ (ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಬಾಯಿ) ನಮ್ಮ ಕಡೆ ಮುಖ ಮಾಡಿದ್ದರೆ ಕ್ಯಾನನ್ ಲೆನ್ಸ್ ಪ್ರದಕ್ಷಿಣೆಯಾಗಿ ತಿರುಗಿ ಕೂರುತ್ತದೆ, ನಿಕಾನ್ ಲೆನ್ಸ್ ಅಪ್ರದಕ್ಷಿಣೆಯಾಗಿ. ಚುಕ್ಕೆಗೆ ಚುಕ್ಕೆ ಕೂಡಿಸಿದ ಮೇಲೂ ಬಿಗಿ ಅನಿಸಿದರೆ ಬಲ ಹಾಕಬೇಡಿ, ದಿಕ್ಕು ತಪ್ಪಿರುತ್ತದೆ.

ನಿಜವಾದ ಮೋಸ ಎರಡು ಡಯಲ್‌ಗಳ ಬಾಡಿಯಲ್ಲಿ, ಅದೂ ಶಟರ್, ಅಪರ್ಚರ್ ಎರಡನ್ನೂ ನಾವೇ ಇಡುವ ಮ್ಯಾನುಯಲ್ ಮೋಡ್‌ನಲ್ಲಿ. ಕ್ಯಾನನ್‌ನಲ್ಲಿ ತೋರುಬೆರಳಿನ ಡಯಲ್‌ಗೆ ಶಟರ್, ಹಿಂದಿನ ಚಕ್ರಕ್ಕೆ ಅಪರ್ಚರ್. ನಿಕಾನ್‌ನಲ್ಲಿ ಹೆಬ್ಬೆರಳಿಗೆ ಶಟರ್, ತೋರುಬೆರಳಿಗೆ ಅಪರ್ಚರ್. ಮಗು ಓಡುತ್ತಿದೆ, 1/250 ಸಾಲದು, 1/500 ಬೇಕು ಎಂದು ತೋರುಬೆರಳಲ್ಲಿ ಮೂರು ಕ್ಲಿಕ್ ತಿರುಗಿಸಿದಿರಿ ಅನ್ನಿ. ಶಟರ್ ಕದಲಿಲ್ಲ, ಎಫ್/4 ಇದ್ದದ್ದು ಎಫ್/5.6 ಆಯಿತು. ಎರಡರಲ್ಲೂ ಕಡಿಮೆಯಾಗುವ ಬೆಳಕು ಒಂದೇ ಸ್ಟಾಪ್, ಅಂದರೆ ಅರ್ಧಕ್ಕರ್ಧ. ಹಾಗಾಗಿ ಮೀಟರ್ ನೀವು ಎಣಿಸಿದಷ್ಟೇ ಇಳಿಯುತ್ತದೆ, ಅನುಮಾನವೇ ಬರುವುದಿಲ್ಲ. ಬೆಳಕು ಕಡಿಮೆಯಾದಂತೆ ಸೆನ್ಸರ್‌ನ ಸಂವೇದನೆ ತಾನೇ ಏರಿಸುವ ಆಟೋ ಐಎಸ್‌ಒ ಇದ್ದರಂತೂ ಫೋಟೋ ಕಪ್ಪಾಗುವುದೂ ಇಲ್ಲ. ಸಂಜೆ ದೊಡ್ಡ ಪರದೆಯಲ್ಲಿ ನೋಡಿದಾಗಲೇ ಗೊತ್ತಾಗುವುದು, ಮಗುವಿನ ಕೈಕಾಲು ಅಲುಗಿವೆ ಎಂದು. ಫೋಕಸ್ ಸರಿಯಿಲ್ಲ ಎಂದು ಲೆನ್ಸ್‌ಗೆ ಬೈಯುವವರೇ ಹೆಚ್ಚು. ಮೊದಲು ಫೈಲಿನ ಶಟರ್ ಅಂಕಿ ನೋಡಿ.

ನಿಕಾನ್ ಮೆನುವಿನ ಕಸ್ಟಮ್ ಸೆಟ್ಟಿಂಗ್ಸ್‌ನ ಎಫ್ ಗುಂಪಿನಲ್ಲಿ ಕಮಾಂಡ್ ಡಯಲ್‌ಗಳನ್ನು ಅದಲುಬದಲು ಮಾಡುವ ಆಯ್ಕೆ ಇದೆ. ಕಂಡ ಕೂಡಲೇ ಆನ್ ಮಾಡುವ ಆಸೆಯಾಗುತ್ತದೆ, ತಡೆಯಿರಿ. ಎ ಮೋಡ್‌ನಲ್ಲಿ ಎರಡೂ ಕಂಪನಿಯಲ್ಲಿ ಅಪರ್ಚರ್ ಇರುವುದು ತೋರುಬೆರಳಲ್ಲೇ. ಅದಲುಬದಲು ಮಾಡಿದರೆ ಮ್ಯಾನುಯಲ್ ಸರಿಹೋಗಿ ಎ ಕೆಡುತ್ತದೆ. ಮುಕ್ಕಾಲು ಪಾಲು ಎ ಮೋಡ್‌ನಲ್ಲೇ ತೆಗೆಯುವವರು ಅದರ ತಂಟೆಗೆ ಹೋಗದಿರುವುದೇ ಲೇಸು.

ಅವರಿಗೆ ಬೇಕಾದದ್ದು ಬಿ ಗುಂಪಿನಲ್ಲಿದೆ. ಕ್ಯಾನನ್‌ನಲ್ಲಿ ಹಿಂದಿನ ಚಕ್ರ ತಿರುಗಿಸಿದರೆ ಸಾಕು, ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಕ್ಯಾಮೆರಾ ಲೆಕ್ಕಕ್ಕಿಂತ ಫೋಟೋ ಬೆಳ್ಳಗೆ ಅಥವಾ ಕಪ್ಪಗೆ ಮಾಡುವುದು) ಬದಲಾಗುತ್ತದೆ. ನಿಕಾನ್‌ನಲ್ಲಿ ಪ್ಲಸ್-ಮೈನಸ್ ಬಟನ್ ಒತ್ತಿ ಹಿಡಿದೇ ತಿರುಗಿಸಬೇಕು, ಬರೀ ಹೆಬ್ಬೆರಳು ಆಡಿಸಿದರೆ ಎ ಮೋಡ್‌ನಲ್ಲಿ ಏನೂ ಆಗುವುದಿಲ್ಲ. ಈಸಿ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಆನ್ ಮಾಡಿದರೆ ಆ ಕೆಲಸವಿಲ್ಲದ ಡಯಲ್‌ಗೇ ಕಾಂಪೆನ್ಸೇಷನ್ ಬರುತ್ತದೆ, ಹಳೇ ಅಭ್ಯಾಸ ಹಾಗೇ ನಡೆಯುತ್ತದೆ. ಅದರಲ್ಲೇ ಇರುವ ಆಟೋ ರೀಸೆಟ್ ನನ್ನ ಮಟ್ಟಿಗೆ ಹೆಚ್ಚು ಉಪಯುಕ್ತ: ಡಯಲ್‌ನಿಂದ ಕೊಟ್ಟ +1 ಕ್ಯಾಮೆರಾ ಆಫ್ ಮಾಡಿದಾಗ ಸೊನ್ನೆಗೆ ಬರುತ್ತದೆ. ಬಟನ್ ಒತ್ತಿ ಕೊಟ್ಟದ್ದಾದರೆ ಮರುದಿನವೂ ಅಲ್ಲೇ ಕೂತಿರುತ್ತದೆ.

ಜೂಮ್ ರಿಂಗ್‌ಗೆ ಮಾತ್ರ ಯಾವ ಮೆನುವೂ ಇಲ್ಲ. ಅದರ ದಿಕ್ಕೂ ಉಲ್ಟಾ. ಹತ್ತಿರ ಎಳೆಯಲು ಹೋಗಿ ದೂರ ತಳ್ಳುವುದು ಕೆಲವು ವಾರ ನಡೆದೇ ನಡೆಯುತ್ತದೆ. ಹಳೇ ಬಾಡಿಯನ್ನೂ ಜೊತೆಗೆ ಬಳಸುತ್ತಿದ್ದರೆ ಇನ್ನೂ ತಡ.