ಚಂದ್ರನಿಗೆ ನೌಕೆ ಕಳಿಸುವ ದೇಶಕ್ಕೆ ಒಂದು ರೈಫಲ್ ಮಾಡಲು ಯಾಕೆ ಇಷ್ಟು ಕಷ್ಟ?

ಸೈನ್ಯದಿಂದ ಬಿಟ್ಟು ಊರಿಗೆ ಬಂದ ಮೇಲೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಪೇಟೆಯಲ್ಲಿ, ಮದುವೆ ಊಟದ ಹಂತಿಯಲ್ಲಿ, ಸೊಸೈಟಿಯ ಜಗಲಿಯಲ್ಲಿ ಜನ ನನ್ನ ಹತ್ತಿರ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಮೊನ್ನೆ ಸೀತಾಂಗೋಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಸಂಬಂಧದ ಭಾವ ಒಬ್ಬರು ಅದನ್ನೇ ಎತ್ತಿದರು. "ಅಲ್ಲ ಭಾವ, ಇಲ್ಲೇ ನೋಡಿ, ಎಚ್‌ಎಎಲ್‌ನವರು ವಿಮಾನದ ಎಲೆಕ್ಟ್ರಾನಿಕ್ಸ್ ಮಾಡ್ತಾರೆ. ಚಂದ್ರನಿಗೆ ನೌಕೆ ಕಳಿಸಿಯೂ ಆಯ್ತು. ಮತ್ತೆ ನಮ್ಮ ಸೈನಿಕನಿಗೆ ಒಂದು ಕೋವಿ ಮಾಡ್ಲಿಕ್ಕೆ ಎಂತ ಕಷ್ಟ? ರಷ್ಯಾದ್ದು, ಅಮೆರಿಕದ್ದು ಯಾಕೆ ಬೇಕು?"

ಅಷ್ಟರಲ್ಲಿ ಬಸ್ ಬಂತು, ಮಾತು ಅರ್ಧಕ್ಕೆ ನಿಂತಿತು. ಹಾಗಾಗಿ ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ಕೆಲಸ ಏನಿತ್ತು ಅಂತ ಹೇಳಬೇಕು. 24 ವರ್ಷ ನಾನು ಆರ್ಮರರ್. ಗಡಿಯಲ್ಲಿ ಕಾಯುವವರ ಆಯುಧ ಕೆಟ್ಟರೆ ಸರಿಮಾಡುವವನು. ಆಯುಧ ಇಡುವ ಕೋಣೆಗೆ ನಮ್ಮಲ್ಲಿ ಕೋತ್ ಅನ್ನುತ್ತಾರೆ. ಪ್ರತಿ ರೈಫಲ್‌ಗೂ ಒಂದು ಬಟ್ ನಂಬರ್ ಇರುತ್ತದೆ, ಜವಾನನಿಗೆ ಅದು ಸ್ವಂತ ಹುಟ್ಟಿದ ದಿನದ ಹಾಗೆ ಬಾಯಿಪಾಠ. ಸಂಜೆ ಎಲ್ಲರೂ ಸಾಲಾಗಿ ಕೂತು ಪುಲ್‌ತ್ರೂ ಹಗ್ಗಕ್ಕೆ ಚಿಂದಿ ಸಿಕ್ಕಿಸಿ ಬ್ಯಾರೆಲ್ಲಿನ ಒಳಗೆ ಎಳೆಯುತ್ತಾರೆ. ಮೊದಲ ಚಿಂದಿ ಕಪ್ಪಾಗಿ ಬರುತ್ತದೆ, ಎರಡನೆಯದು ಬೂದು, ಅದು ಬೆಳ್ಳಗಾಗುವ ತನಕ ಏಳುವ ಹಾಗಿಲ್ಲ. ಆ ಹೊತ್ತಿನಲ್ಲಿ ಹುಡುಗರು ನನ್ನ ಹತ್ತಿರ ತಂದು ತೋರಿಸುತ್ತಿದ್ದ ಒಂದೊಂದು ಪಿನ್, ಒಂದೊಂದು ಸ್ಪ್ರಿಂಗ್ ನೋಡಿಯೇ ನಾನು ಈ ವಿಷಯ ಕಲಿತದ್ದು.

ಭಾವನ ಪ್ರಶ್ನೆಯಲ್ಲೇ ಒಂದು ತಪ್ಪು ಲೆಕ್ಕ ಇದೆ. ನೌಕೆ ದೊಡ್ಡದು, ಕೋವಿ ಸಣ್ಣದು, ಹಾಗಾಗಿ ಕೋವಿ ಸುಲಭ ಅಂತ. ಆದರೆ ನೌಕೆಯನ್ನು ಒಂದೇ ಒಂದು ಮಾಡುತ್ತಾರೆ. ಅದರ ಸುತ್ತ ನೂರಾರು ಎಂಜಿನಿಯರುಗಳು ನಿಂತಿರುತ್ತಾರೆ, ಪ್ರತಿ ಸ್ಕ್ರೂವನ್ನು ಮೂರು ಜನ ನೋಡುತ್ತಾರೆ. ರೈಫಲ್ ಹಾಗಲ್ಲ. ಲಕ್ಷಗಟ್ಟಲೆ ಮಾಡಬೇಕು, ಇಪ್ಪತ್ತು ವರ್ಷದ ಹುಡುಗನ ಕೈಗೆ ಕೊಡಬೇಕು, ಅವನು ಅದನ್ನು ಕೆಸರಲ್ಲಿ ಎಳೆಯುತ್ತಾನೆ, ಬಂಡೆ ಮೇಲೆ ಬೀಳಿಸುತ್ತಾನೆ, ರಾಜಸ್ಥಾನದ ಮರಳಲ್ಲೂ ಸಿಯಾಚಿನ್ನಿನ ಹಿಮದಲ್ಲೂ ಅದು ಒಂದೇ ರೀತಿ ಕೆಲಸ ಮಾಡಬೇಕು, ಕೆಟ್ಟರೆ ಸರಿಮಾಡಲು ಅಲ್ಲಿ ವಿಜ್ಞಾನಿ ಇರುವುದಿಲ್ಲ.

ಒಳಗೆ ನಡೆಯುವುದನ್ನು ನೋಡಿ. ಟ್ರಿಗರ್ ಒತ್ತಿದಾಗ ತೋಟೆಯೊಳಗಿನ ಮದ್ದು ಉರಿದು ಗ್ಯಾಸ್ ಆಗುತ್ತದೆ. ಆಗ ಅಲ್ಲಿ ಹುಟ್ಟುವ ಒತ್ತಡ ಕಾರಿನ ಟೈರಿನ ಗಾಳಿಯ ಸಾವಿರ ಪಟ್ಟಿಗೂ ಜಾಸ್ತಿ. ಗುಂಡು ಸೆಕೆಂಡಿಗೆ ಸುಮಾರು 900 ಮೀಟರ್ ವೇಗದಲ್ಲಿ ಹೊರಡುತ್ತದೆ. ಅದೇ ಗ್ಯಾಸಿನ ಒಂದು ಪಾಲು ಸಣ್ಣ ತೂತಿನಿಂದ ಮೇಲೆ ಬಂದು ಪಿಸ್ಟನ್ನನ್ನು ಹಿಂದಕ್ಕೆ ನೂಕುತ್ತದೆ. ತೋಟೆಯ ಹಿಂದೆ ಬಾಗಿಲಿನ ಹಾಗೆ ಮುಚ್ಚಿಕೊಂಡಿರುವ ಬೋಲ್ಟ್ ತಿರುಗಿ ಬಿಚ್ಚಿಕೊಳ್ಳಬೇಕು, ಖಾಲಿ ತೋಟೆಯನ್ನು ಎಳೆದು ಹೊರಗೆ ಎಸೆಯಬೇಕು, ಮುಂದಿನದನ್ನು ತೋಟೆ ತುಂಬಿಡುವ ಮ್ಯಾಗಜಿನ್ನಿನಿಂದ ತಳ್ಳಿ ಒಳಗೆ ಕೂರಿಸಿ ಮತ್ತೆ ಬೀಗ ಹಾಕಬೇಕು. ನಿಮಿಷಕ್ಕೆ 600ರ ಲೆಕ್ಕ ಹಿಡಿದರೆ ಇಷ್ಟೂ ಕೆಲಸಕ್ಕೆ ಸಿಗುವುದು ಸೆಕೆಂಡಿನ ಹತ್ತನೇ ಒಂದು ಭಾಗ. ಬೋಲ್ಟಿಗೂ ತೋಟೆಯ ಹಿಂಬದಿಗೂ ನಡುವೆ ಕೂದಲಿನಷ್ಟು ಜಾಗ ಜಾಸ್ತಿಯಾದರೆ ತೋಟೆ ಸೀಳುತ್ತದೆ, ಕಮ್ಮಿಯಾದರೆ ಬೋಲ್ಟ್ ಮುಚ್ಚುವುದೇ ಇಲ್ಲ. ಅದನ್ನು ನೋಡಲು ನಮ್ಮ ಹತ್ತಿರ ಎರಡು ಉಕ್ಕಿನ ತುಂಡುಗಳಿದ್ದವು, ಗೋ ಗೇಜ್ ಮತ್ತು ನೋ-ಗೋ ಗೇಜ್. ಒಂದನ್ನು ಹಾಕಿದರೆ ಬೋಲ್ಟ್ ಮುಚ್ಚಬೇಕು, ಇನ್ನೊಂದನ್ನು ಹಾಕಿದರೆ ಮುಚ್ಚಬಾರದು. ಕಣ್ಣಿಗೆ ಎರಡೂ ಒಂದೇ ತರ ಕಾಣುತ್ತವೆ!

ಊರಿನವರಿಗೆ ಇದನ್ನು ಹೇಳುವಾಗ ನಾನು ಅಡಿಕೆ ಸುಲಿಯುವ ಯಂತ್ರದ ಕಥೆ ಹೇಳುತ್ತೇನೆ. ಊರಿಗೆ ಬಂದ ಎರಡನೇ ವರ್ಷ ಒಂದು ಕೃಷಿ ಮೇಳದಲ್ಲಿ ಯಂತ್ರ ನೋಡಿದೆ. ಎಷ್ಟು ಚೆಂದ ಸುಲಿಯುತ್ತಿತ್ತು ಅಂದರೆ ಅಲ್ಲೇ ಮುಂಗಡ ಕೊಟ್ಟು ಬಂದೆ. ಮನೆಗೆ ತಂದು ನಮ್ಮ ಅಡಿಕೆ ಹಾಕಿದರೆ ಸಣ್ಣದು ಸುಲಿಯದೆ ಹಾಗೇ ಬೀಳುತ್ತದೆ, ದೊಡ್ಡದು ಕಡಿದು ಪಟೋರಕ್ಕೆ, ಅಂದರೆ ಕಮ್ಮಿ ದರ್ಜೆಯ ಅಡಿಕೆಗೆ, ಹೋಗುತ್ತದೆ. ಮೇಳದಲ್ಲಿ ಅವರು ಹಾಕಿದ್ದು ಒಂದೇ ಗಾತ್ರದ, ಚೆನ್ನಾಗಿ ಒಣಗಿದ ಅಡಿಕೆ. ನಮ್ಮ ಅಂಗಳದಲ್ಲಿ ಎಲ್ಲಾ ಗಾತ್ರವೂ ಇದೆ, ಮಳೆಗೆ ಸಿಕ್ಕಿ ಅರೆ ಒಣಗಿದ್ದೂ ಇದೆ. ಮಾದರಿ ಮಾಡುವುದು ಒಂದು ಕೆಲಸ, ಊರೆಲ್ಲಾ ಬಳಸುವ ಹಾಗೆ ಮಾಡುವುದು ಬೇರೆಯೇ ಕೆಲಸ. ರೈಫಲ್‌ನ ಇಡೀ ಕಷ್ಟ ಈ ಎರಡರ ನಡುವೆ ಇದೆ.

ಈಗ ನಮ್ಮ ಕಥೆಗೆ ಬರೋಣ. 1962ರ ಯುದ್ಧದಲ್ಲಿ ನಮ್ಮವರ ಕೈಯಲ್ಲಿದ್ದದ್ದು ಪಾಯಿಂಟ್ 303, ಒಂದೊಂದು ಸಲವೂ ಕೈಯಲ್ಲಿ ಬೋಲ್ಟ್ ಎಳೆಯಬೇಕಾದ ರೈಫಲ್. ಆಮೇಲೆ ಕೋಲ್ಕತ್ತದ ಹತ್ತಿರದ ಇಶಾಪುರದ ಕಾರ್ಖಾನೆಯಲ್ಲಿ ಎಸ್‌ಎಲ್‌ಆರ್, ಅಂದರೆ ತಾನೇ ತೋಟೆ ತುಂಬಿಕೊಳ್ಳುವ ರೈಫಲ್, ಮಾಡಿದರು. ಬೆಲ್ಜಿಯಂನ ಎಫ್‌ಎಎಲ್ ಅದಕ್ಕೆ ಮೂಲ. ಉದ್ದ, ಭಾರ, ಆದರೆ ಗಟ್ಟಿ. ನಮಗಿಂತ ಹಿಂದಿನವರು ಅದನ್ನು ನೆನೆಸಿಕೊಂಡರೆ ಇವತ್ತಿಗೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ.

1980ರ ದಶಕದಲ್ಲಿ ಪುಣೆಯ ಎಆರ್‌ಡಿಇ, ಅಂದರೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಓದ ಆಯುಧ ಪ್ರಯೋಗಾಲಯ, ನಮ್ಮದೇ ರೈಫಲ್ ವಿನ್ಯಾಸಕ್ಕೆ ಕೈ ಹಾಕಿತು. ಅದೇ ಇನ್ಸಾಸ್, 5.56 ಮಿ.ಮೀ. ತೋಟೆಯದ್ದು. ಪಿಸ್ಟನ್ ಮತ್ತು ತಿರುಗುವ ಬೋಲ್ಟ್ ರಷ್ಯಾದ ಎಕೆ-47 ಜಾತಿಯದ್ದು, ಗ್ಯಾಸ್ ರೆಗ್ಯುಲೇಟರ್ ಎಫ್‌ಎಎಲ್ ರೀತಿಯದ್ದು, ಎಡಬದಿಯ ಮುಂದುಗಡೆ ಇರುವ, ಬೋಲ್ಟ್ ಎಳೆಯುವ ಕಾಕಿಂಗ್ ಹಿಡಿಕೆ ಜರ್ಮನ್ ರೈಫಲ್‌ಗಳನ್ನು ನೋಡಿ ಮಾಡಿದ್ದು. ಇದನ್ನು ಕೆಲವರು ಕದ್ದದ್ದು ಅನ್ನುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಎಲ್ಲಾ ದೇಶದವರೂ ಇನ್ನೊಬ್ಬರದ್ದನ್ನು ನೋಡಿಯೇ ಕಲಿತದ್ದು, ಇಸ್ರೇಲಿನ ಗಲಿಲ್ ಕೂಡ ಎಕೆಯಿಂದಲೇ ಹುಟ್ಟಿದ್ದು. 1998ರ ಗಣರಾಜ್ಯೋತ್ಸವದ ಪರೇಡಿನಲ್ಲಿ ಇನ್ಸಾಸ್ ಜನರಿಗೆ ಕಾಣಿಸಿತು. ಮರುವರ್ಷವೇ ಕಾರ್ಗಿಲ್.

ಅಲ್ಲಿ ಏನಾಯಿತು ಅಂತ ಪೇಪರಿನಲ್ಲಿ ಎಲ್ಲರೂ ಓದಿದ್ದೀರಿ. ಚಳಿಗೆ ಪ್ಲಾಸ್ಟಿಕ್ ಮ್ಯಾಗಜಿನ್ ಒಡೆಯಿತು, ರೈಫಲ್ ಜಾಮ್ ಆಯಿತು, ಕೆಲವರ ಕಣ್ಣಿಗೆ ಎಣ್ಣೆ ಸಿಡಿಯಿತು. ನಾನು ಆ ಯುದ್ಧದಲ್ಲಿ ಇರಲಿಲ್ಲ. ಆದರೆ ಆಮೇಲೆ ಉತ್ತರದ ಒಂದು ಎತ್ತರದ ಪೋಸ್ಟಿನಲ್ಲಿದ್ದಾಗ ಒಬ್ಬ ಹುಡುಗ ಮ್ಯಾಗಜಿನ್ನನ್ನು ಕೋಟಿನ ಒಳಗೆ, ಎದೆಗೆ ಒತ್ತಿ ಇಟ್ಟುಕೊಳ್ಳುತ್ತಿದ್ದ. ಯಾಕೆ ಅಂತ ಕೇಳಿದರೆ, "ಇದಕ್ಕೂ ಚಳಿ ಆಗ್ತದೆ ಉಸ್ತಾದ್" ಅಂದ. ಆ ಮ್ಯಾಗಜಿನ್ ಅರೆ ಪಾರದರ್ಶಕ, ಒಳಗೆ ಎಷ್ಟು ತೋಟೆ ಉಳಿದಿದೆ ಅಂತ ನೋಡಬಹುದು. ಒಳ್ಳೆಯ ಯೋಚನೆ ಅದು. ಯೋಚನೆ ಮಾಡಿದವನು ಒಂದು ಚಳಿಗಾಲವನ್ನು ಆ ಹುಡುಗನ ಜೊತೆ ಕಳೆದಿದ್ದರೆ ಪ್ಲಾಸ್ಟಿಕ್ ಬೇರೆ ಆಗಿರುತ್ತಿತ್ತು. ಆ ಪೋಸ್ಟಿನಲ್ಲಿ ನಾವು ಎಣ್ಣೆಯನ್ನೂ ತೀರಾ ತೆಳುವಾಗಿ ಒರೆಸುತ್ತಿದ್ದೆವು, ಜಾಸ್ತಿ ಹಚ್ಚಿದರೆ ರಾತ್ರಿ ಗಟ್ಟಿಯಾಗಿ ಬೋಲ್ಟ್ ನಿಧಾನವಾಗುತ್ತದೆ.

ಕಾರ್ಗಿಲ್ ಆದ ಮೇಲೆ ಇನ್ಸಾಸಿನಲ್ಲಿ ಸುಧಾರಣೆ ನಡೆಯಿತು, ಅದನ್ನೂ ಹೇಳಬೇಕು. ಅದರ ಗುರಿ ಚೆನ್ನಾಗಿತ್ತು, ಹಿಮ್ಮೆಟ್ಟು ಕಮ್ಮಿ. ನೂರು ಮೀಟರಿನಲ್ಲಿ ಹೊಸ ಹುಡುಗರ ಐದು ಗುಂಡುಗಳೂ ಅಂಗೈಯಲ್ಲಿ ಮುಚ್ಚುವಷ್ಟು ಹತ್ತಿರ ಹತ್ತಿರ ಬಿದ್ದದ್ದನ್ನು ನಾನೇ ನೋಡಿದ್ದೇನೆ. ಇಡೀ ರೈಫಲ್ಲನ್ನೇ ಕೆಲಸಕ್ಕೆ ಬಾರದ್ದು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಇಲ್ಲಿ ಬೇರೆ ದೇಶದವರನ್ನು ನೋಡಬೇಕು. ಅಮೆರಿಕದವರ ಎಂ-16 ಮೊದಲು ವಿಯೆಟ್ನಾಂಗೆ ಹೋದಾಗ ಇನ್ಸಾಸಿಗಿಂತ ದೊಡ್ಡ ಅನಾಹುತ ಆಗಿತ್ತು. ತೋಟೆಯ ಮದ್ದು ಬದಲಾಯಿಸಿದರು, ತೋಟೆ ಕೂರುವ ಚೇಂಬರಿಗೆ ಕ್ರೋಮ್ ಲೇಪ ಇರಲಿಲ್ಲ, ತೊಳೆಯುವ ಸಾಮಾನನ್ನೂ ಸರಿಯಾಗಿ ಕೊಡಲಿಲ್ಲ. ಜಾಮ್ ಆದ ರೈಫಲ್ ಕೈಯಲ್ಲಿ ಹಿಡಿದೇ ಸೈನಿಕರು ಸತ್ತರು, 1967ರಲ್ಲಿ ಅವರ ಸಂಸತ್ತೇ ವಿಚಾರಣೆ ಮಾಡಿತು. ಕ್ರೋಮ್ ಹಾಕಿದರು, ತೊಳೆಯುವುದು ಕಲಿಸಿದರು, ರೈಫಲ್ ಉಳಿಯಿತು, ಅದರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಬಳಕೆಯಲ್ಲಿವೆ. ಬ್ರಿಟನ್ನಿನವರ ಎಸ್‌ಎ-80 ಕೂಡ 1991ರ ಗಲ್ಫ್ ಯುದ್ಧದಲ್ಲಿ ಮರಳಿಗೆ ಸಿಕ್ಕಿ ಕೈಕೊಟ್ಟಿತು. ಅವರು ಜರ್ಮನಿಯ ಹೆಕ್ಲರ್ ಆಂಡ್ ಕೋಚ್‌ಗೆ ಕೊಟ್ಟು ಸುಮಾರು ಎರಡು ಲಕ್ಷ ರೈಫಲ್‌ಗಳ ಒಳಗಿನದ್ದನ್ನೆಲ್ಲಾ ಬದಲಾಯಿಸಿದರು. ಎಲ್ಲರೂ ಹೊಗಳುವ ಎಕೆ-47 ಕೂಡ ಶುರುವಿನಲ್ಲಿ ಸರಿ ಬರಲಿಲ್ಲ. ತಗಡು ಒತ್ತಿ ಮಾಡಿದ ಮೈಯಲ್ಲಿ ಹಾಳಾದದ್ದೇ ಜಾಸ್ತಿ ಬರುತ್ತಿತ್ತು, ಹಾಗಾಗಿ ಉಕ್ಕಿನ ಗಟ್ಟಿಯನ್ನು ಕೆತ್ತಿ ಮಾಡಲು ಶುರು ಮಾಡಿದರು. ತಗಡಿನ ಕೆಲಸ ಕೈಗೆ ಹತ್ತಿ ಅದರ ಸುಧಾರಿತ ರೂಪ ಎಕೆಎಂ ಬಂದದ್ದು 1959ರಲ್ಲಿ. ಎಕೆ-47 ಸೈನ್ಯಕ್ಕೆ ಸೇರಿದ ಹತ್ತು ವರ್ಷದ ಮೇಲೆ!

ಅವರಿಗೂ ನಮಗೂ ವ್ಯತ್ಯಾಸ ಜಾಣತನದಲ್ಲಿ ಇಲ್ಲ. ಅವರು ಒಂದನ್ನು ಹಿಡಿದರು, ಬಿಡಲಿಲ್ಲ. ನಾವು ಹಿಡಿದದ್ದನ್ನು ಬಿಟ್ಟು ಬೇರೆ ಕೇಳುತ್ತಾ ಹೋದೆವು. ನನ್ನ ಉತ್ತರದ ತಿರುಳು ಇಷ್ಟೇ, ಇದನ್ನು ಹೇಳುವಾಗ ನನಗೆ ಬೇಸರವೂ ಆಗುತ್ತದೆ.

ನೋಡಿ. ಮೊದಲು ಎಸ್‌ಎಲ್‌ಆರ್‌ನ 7.62 ಮಿ.ಮೀ. ತೋಟೆ ಬೇಡ, 5.56 ಬೇಕು ಅಂದೆವು. 2011ರಲ್ಲಿ ಬ್ಯಾರೆಲ್ ಬದಲಾಯಿಸಿ ಎರಡು ಬಗೆಯ ತೋಟೆ ಹಾಕುವ ರೈಫಲ್ ಬೇಕು ಅಂತ ಟೆಂಡರ್ ಕರೆದರು, 2015ರಲ್ಲಿ ಅದನ್ನು ರದ್ದು ಮಾಡಿದರು. ಇನ್ಸಾಸನ್ನೇ ಗಿಡ್ಡ ಮಾಡಿ, ಹಗುರ ಮಾಡಿ, ಎಕ್ಸ್‌ಕ್ಯಾಲಿಬರ್ ಅಂತ ಮಾಡಿದ್ದರು. ಅದು ತಯಾರಾಗುವ ಹೊತ್ತಿಗೆ 5.56 ಸಾಲದು, ಹೊಡೆದರೆ ಶತ್ರು ಬೀಳುವ 7.62×51 (ಗುಂಡಿನ ದಪ್ಪ 7.62, ತೋಟೆಯ ಕವಚದ ಉದ್ದ 51 ಮಿ.ಮೀ.) ಬೇಕು ಅಂತಾಯಿತು. ಆ ತೋಟೆಗೆ ಇಶಾಪುರದವರು ಮಾಡಿದ ರೈಫಲ್ 2017ರ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ತೋಟೆ ಬದಲಾಯಿತು ಅಂದರೆ ಸುಮ್ನೆ ತೂತು ದೊಡ್ಡದು ಮಾಡುವುದಲ್ಲ. ಬ್ಯಾರೆಲ್, ಚೇಂಬರ್, ಬೋಲ್ಟ್, ಸ್ಪ್ರಿಂಗ್, ಮ್ಯಾಗಜಿನ್, ಗ್ಯಾಸಿನ ತೂತು, ಎಲ್ಲಾ ಹೊಸದು. ಅಡಿಕೆ ತೋಟದಲ್ಲಿ ಸಸಿ ನೆಟ್ಟು ಮೂರನೇ ವರ್ಷ ಕಿತ್ತು ರಬ್ಬರ್ ಹಾಕಿ, ಮತ್ತೆ ಮೂರು ವರ್ಷಕ್ಕೆ ಅದನ್ನೂ ಕಿತ್ತು ಕೊಕ್ಕೋ ಹಾಕಿದರೆ ಫಸಲು ಯಾವಾಗ ಬರುವುದು?

ಇಷ್ಟರಲ್ಲಿ ಗಡಿಯಲ್ಲಿರುವವನಿಗೆ ಆಯುಧ ಬೇಕಲ್ವಾ? ಅವನನ್ನು ಕಾಯಿಸುವ ಹಾಗಿಲ್ಲ. ಹಾಗಾಗಿ 2019ರಲ್ಲಿ ಅಮೆರಿಕದ ಸಿಗ್ 716 ರೈಫಲ್ 72,400 ತರಿಸಿದರು, 2024ರಲ್ಲಿ ಮತ್ತೆ 73,000ಕ್ಕೆ ಒಪ್ಪಂದ ಮಾಡಿದರು. ರಷ್ಯಾದ ಎಕೆ-203 ಅನ್ನು ಅಮೇಠಿಯ ಕೊರ್ವಾದಲ್ಲಿ ಜಂಟಿ ಕಂಪೆನಿ ಮಾಡುತ್ತಿದೆ, 2021ರ ಡಿಸೆಂಬರಿನ ಒಪ್ಪಂದದಲ್ಲಿ ಲೆಕ್ಕ 6 ಲಕ್ಷಕ್ಕೂ ಜಾಸ್ತಿ. ಇದು ನಮ್ಮ ವಿನ್ಯಾಸ ಅಲ್ಲ. ಆದರೂ ಇದನ್ನು ನಾನು ಹಳಿಯುವುದಿಲ್ಲ. ಆರು ಲಕ್ಷ ಬ್ಯಾರೆಲ್ಲು ಒಂದೇ ಅಳತೆಗೆ ಬರುವ ಹಾಗೆ ಮಾಡಲು ಕಲಿತ ಕೈಗಳು ನಾಳೆ ನಮ್ಮ ವಿನ್ಯಾಸಕ್ಕೂ ಬೇಕು.

"ಹಾಗಾದರೆ ನಮ್ಮದು ಬರುವುದೇ ಇಲ್ವಾ?" ಅಂತ ಮುಂದಿನ ಪ್ರಶ್ನೆ ಬರುತ್ತದೆ. ಬರುತ್ತಿದೆ. ಎಆರ್‌ಡಿಇ ಮತ್ತು ಹೈದರಾಬಾದಿನ ಒಂದು ಖಾಸಗಿ ಕಂಪೆನಿ ಸೇರಿ ಮಾಡಿದ ಉಗ್ರಂ ರೈಫಲ್ಲನ್ನು 2024ರ ಜನವರಿಯಲ್ಲಿ ಪುಣೆಯಲ್ಲಿ ತೋರಿಸಿದರು. 7.62×51 ತೋಟೆ, 4 ಕಿಲೋಗಿಂತ ಕಮ್ಮಿ ಭಾರ, 500 ಮೀಟರ್ ಗುರಿ. ನನಗೆ ಅದಕ್ಕಿಂತ ಖುಷಿ ಕೊಟ್ಟದ್ದು ಅಸ್ಮಿ ಅನ್ನುವ 9 ಮಿ.ಮೀ. ಸಣ್ಣ ಗನ್. ಅದರ ವಿನ್ಯಾಸದಲ್ಲಿ ಸೈನ್ಯದ ಅಧಿಕಾರಿಯೇ ಒಬ್ಬರು, ಲೆಫ್ಟಿನೆಂಟ್ ಕರ್ನಲ್ ಪ್ರಸಾದ್ ಬನ್ಸೋಡ್, ಎಆರ್‌ಡಿಇಯವರ ಜೊತೆ ಕೂತು ಕೆಲಸ ಮಾಡಿದ್ದರು. ಬಳಸುವವನು, ಮಾಡುವವನು ಒಂದೇ ಮೇಜಿನಲ್ಲಿ ಕೂತರೆ ಎಷ್ಟು ವ್ಯತ್ಯಾಸ ಆಗುತ್ತದೆ ಅಂತ ಕೋತಿನಲ್ಲಿ ಒಂದು ದಿನ ಕಳೆದವನಿಗೂ ಗೊತ್ತು. ಉಗ್ರಮ್ಮಿನ ಮೊದಲ ಸಾವಿರ ರೈಫಲ್‌ಗಳಲ್ಲಿ ತಪ್ಪು ಬಂದೇ ಬರುತ್ತದೆ. ಆಗ ಟಿವಿಯಲ್ಲಿ ಬೊಬ್ಬೆ ಹೊಡೆದು ಅದನ್ನು ಮೂಲೆಗೆ ತಳ್ಳಬೇಡಿ, ಸರಿಮಾಡಿ, ಮತ್ತೆ ಕೊಡಿ, ಮತ್ತೆ ಸರಿಮಾಡಿ. ನಾನು ಕೇಳಿಕೊಳ್ಳುವುದು ಇಷ್ಟೇ.

ಕಳೆದ ತಿಂಗಳು ತಂಗಿಯ ಮಗ ಬಂದಿದ್ದ, ಐಟಿಐಯಲ್ಲಿ ಮೆಷಿನಿಸ್ಟ್ ಕಲಿಯುತ್ತಿದ್ದಾನೆ. ಅವನೂ ಇದೇ ಪ್ರಶ್ನೆ ಕೇಳಿದ. ನಾನು ಮಾತಾಡಲಿಲ್ಲ. ಅಡಿಕೆ ಯಂತ್ರಕ್ಕೆ ಅಂತ ತಂದಿಟ್ಟಿದ್ದ ಹತ್ತು ಹೊಸ ಬ್ಲೇಡುಗಳನ್ನು ಅವನ ಮುಂದೆ ಇಟ್ಟು, ವರ್ನಿಯರ್ ಕೊಟ್ಟು, ದಪ್ಪ ಅಳೆದು ಬರೆ ಅಂದೆ. ಎಲ್ಲವೂ ಒಂದೇ ಪೊಟ್ಟಣದಿಂದ ತೆಗೆದದ್ದು. ಅವನು ಜಗಲಿಯಲ್ಲಿ ಕೂತು ಒಂದೊಂದನ್ನೇ ಅಳೆದ. ಒಂದು 2.02 ಮಿ.ಮೀ., ಇನ್ನೊಂದು 2.11, ಮತ್ತೊಂದು 1.94. ಆರನೆಯದನ್ನು ಮೂರು ಸಲ ಅಳೆದ, ತನ್ನ ಕೈಯದ್ದೇ ತಪ್ಪು ಅಂತ ಅವನಿಗೆ. ಹತ್ತೂ ಆದ ಮೇಲೆ ಕಾಗದ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನೆ ಕೂತ.

"ಮಾವ, ಎಲ್ಲವೂ ಒಂದೇ ಅಳತೆಗೆ ಬರುವ ಹಾಗೆ ಮಾಡುವ ಕೆಲಸ ಎಲ್ಲಿ ಕಲಿಸ್ತಾರೆ?"

ಕೋವಿ ಮಾಡುವ ಊರುಗಳ ಹೆಸರು ಹೇಳಿದೆ. ತಿರುಚ್ಚಿ, ಕಾನ್ಪುರ, ಇಶಾಪುರ, ಕೊರ್ವಾ, ಹೈದರಾಬಾದ್ ಅಂದೆ. ಅವನು ಆ ಕಾಗದದ ಹಿಂಬದಿಯಲ್ಲಿ ಐದನ್ನೂ ಬರೆದುಕೊಂಡ.